ಸ್ಪಂಜಿಗೆ ಮೂರು ವಿಷಲ್

ಮಾರ್ಚ್ 4, ಸೋಮವಾರ

ಮೀನಿನ ತೊಟ್ಟಿಯ ಗಾಜು ಮತ್ತೆ ಹಸಿರಾಗಿದೆ. ಶುಕ್ರವಾರ ತಾನೇ ಹಳೆಯ ಬ್ಲೇಡು ಹಿಡಿದು ನಾಲ್ಕೂ ಬದಿ ಕೆರೆದಿದ್ದೆ. ಮೂರೇ ದಿನಕ್ಕೆ ಪಾಚಿ ಏನೂ ಆಗಿಲ್ಲವೆಂಬಂತೆ ಬಂದು ಕೂತಿದೆ. ಒಳಗಿನ ಕಲ್ಲುಗಳ ಮೇಲಂತೂ ಕೂದಲಿನ ಹಾಗೆ ಬೆಳೆದು ನೀರಿನಲ್ಲಿ ತೂಗಾಡುತ್ತಿದೆ. ನೋಡಿದರೆ ಮೈ ಉರಿಯುತ್ತದೆ.

ಬೇರೆ ಕೆಲಸ ಇದ್ದಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟವಳು ನಾನು. ಆಸ್ಪತ್ರೆಯ ಸ್ಟೆರಿಲೈಸ್ ರೂಮಿನ ಇನ್‌ಚಾರ್ಜ್ ಸಿಸ್ಟರ್. ಆಪರೇಷನ್ ಥಿಯೇಟರಿನ ಒಂದೊಂದು ಕತ್ತರಿಯೂ ಒಂದೊಂದು ಚಿಮಟವೂ ಅಲ್ಲಿ ಹಬೆಯಲ್ಲಿ ಶುದ್ಧವಾಗಿ ನನ್ನ ಕೈ ದಾಟಿಯೇ ಹೋಗಬೇಕು. ಈಗ ಹನ್ನೆರಡು ದಿನದಿಂದ ಮನೆಯಲ್ಲಿ ಕೂತಿದ್ದೇನೆ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ‘ವಿಚಾರಣೆ ಮುಗಿಯುವವರೆಗೆ ಕಡ್ಡಾಯ ರಜೆ’ ಎಂದಿದೆ. ಅಂಚೆ ಹಂಚುವ ಒಬ್ಬ ಹೆಂಗಸಿನ ಮುರಿದ ಕಾಲಿಗೆ ಸರಳು ಕೂರಿಸಿದರು. ಗಾಯ ಕೀವಾಯಿತು, ಮತ್ತೆ ಎರಡು ಸಲ ಕುಯ್ದರು. ಸೋಂಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಟ್ಟಿಗೆ ನಮ್ಮ ರೂಮಿನ ಕಡೆ ಬೆರಳು ತೋರಿಸಿದರು. ಮೂಳೆ ಡಾಕ್ಟರು ಕೈಗವಸು ಹಾಕಿಕೊಂಡೇ ಫೋನ್ ಎತ್ತುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ರಜೆ ಇಲ್ಲ.

ನಾನು ತಪ್ಪು ಮಾಡಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಟ್ರೇ ಕೂಡ ವಾಪಸು ಬಂದಿಲ್ಲ.

ಅತ್ತೆಗೆ ಹೇಳಿಲ್ಲ. ಬಾಕಿ ರಜೆ ಇತ್ತು, ತೆಗೆದುಕೊಂಡೆ ಎಂದೆ. “ಓಹೋ” ಎಂದರು. ಅವರ ಈ “ಓಹೋ” ನನಗೆ ಮದುವೆಯಾದ ದಿನದಿಂದ ಹಿಡಿಸಿಲ್ಲ.

ಮಾರ್ಚ್ 6, ಬುಧವಾರ

ಮೀನಿನ ತೊಟ್ಟಿ ಇರುವುದೇ ತಪ್ಪು ಜಾಗದಲ್ಲಿ. ಅತ್ತೆಯ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಒತ್ತಿಕೊಂಡು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಬಿಸಿಲು ನೇರವಾಗಿ ನೀರಿಗೆ ಇಳಿಯುತ್ತದೆ. ಪಾಚಿಯನ್ನು ಕರೆದು ಮಣೆ ಹಾಕಿ ಕೂರಿಸಿದ ಹಾಗೆ.

ಯಜಮಾನರು ಸೇತುವೆ ಕೆಲಸದ ಮೇಲೆ ದೂರದಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ತೊಟ್ಟಿ ತಂದು ಕೂರಿಸಿದವರು ಅವರೇ. ಫೋನಿನಲ್ಲಿ ಹೇಳಿದೆ. “ಒಂದು ಪರದೆ ಹಾಕ್ಬಿಡು, ಅಷ್ಟೇ ತಾನೆ” ಎಂದರು. ಅವರಿಗೆ ಎಲ್ಲವೂ ಅಷ್ಟೇ ತಾನೆ.

ಪರದೆ ಎಂದ ಕೂಡಲೇ ಅತ್ತೆ ಕುರ್ಚಿಯಲ್ಲೇ ನೆಟ್ಟಗೆ ಕೂತರು.

“ಪರದೆ ಹಾಕಿದ್ರೆ ನಾನೇನೇ ನೋಡ್ಲಿ? ನಿನ್ನ ಮುಖಾನಾ? ಪುಣ್ಯಕ್ಕೆ ಅದೂ ಈಗ ಕಾಣಲ್ಲ.”

ಕಣ್ಣು ಹೋಗಿ ಆರೇಳು ವರ್ಷವಾಯಿತು. ಪೂರ್ತಿ ಹೋಗಿಲ್ಲ. ಚೆನ್ನಾಗಿ ಬೆಳಕು ಬಿದ್ದ ವಸ್ತು ಮಾತ್ರ ಅವರಿಗೆ ಬಣ್ಣದ ಮುದ್ದೆಯಾಗಿ ಕಾಣುತ್ತದೆ. ಬೆಳಗಿನ ಆ ಬಿಸಿಲಿನಲ್ಲಿ ಐದು ಕಿತ್ತಳೆ ಮೀನುಗಳು ಓಡಾಡುವುದು ಕಾಣುತ್ತದೆ. ದಿನದಲ್ಲಿ ಅವರು ನೋಡುವುದು ಅಷ್ಟೇ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಹಾಗಾಗಿ ಮೀನುಗಳಿಗೂ ಲೈನ್ ನಂಬರು ಕೊಟ್ಟಿದ್ದಾರೆ. “ಎರಡನೇ ಲೈನು ಇನ್ನೂ ಎದ್ದಿಲ್ಲ.” “ಮೂರೂ ನಾಲ್ಕೂ ಮತ್ತೆ ಅಡ್ಡಡ್ಡ ಬಂದ್ವು ನೋಡು.” ಒಂದೊಂದರ ಜೊತೆಯೂ ಮಾತಾಡುತ್ತಾರೆ, ನನ್ನ ಜೊತೆ ಆಡುವುದಕ್ಕಿಂತ ಮೃದುವಾಗಿ. ನನ್ನನ್ನು ಕರೆಯುವುದು ‘ಬಿಸಿನೀರು’ ಎಂದು. ಲೋಟ ಚಮಚ ಎಲ್ಲ ಕುದಿಸುತ್ತೇನಲ್ಲ, ಅದಕ್ಕೆ.

ಇವತ್ತು “ಐದನೇ ಲೈನು ಎಲ್ಲೇ?” ಎಂದು ನಾಲ್ಕು ಸಲ ಕೇಳಿದರು. ಅದು ಅವರ ಮೂಗಿನ ಮುಂದೆಯೇ ಇತ್ತು, ಪಾಚಿಯ ಹಿಂದೆ. ಬಿಸಿಲೂ ಬೇಕಂತೆ, ಪಾಚಿಯೂ ಇರಬಾರದಂತೆ. ಮತ್ತೆ ಬ್ಲೇಡು ತಂದು ಕೆರೆದೆ.

ಮಾರ್ಚ್ 9, ಶನಿವಾರ

ಮೀನಿನಂಗಡಿಗೆ ಹೋಗಿದ್ದೆ. ಅಂಗಡಿಯವನು ನಿಧಾನದ ಮನುಷ್ಯ. ಪ್ರಶ್ನೆ ಕೇಳಿದರೆ ಮೊದಲು ಕೈ ಒರೆಸಿಕೊಳ್ಳುತ್ತಾನೆ, ಆಮೇಲೆ ಗಲ್ಲ ಕೆರೆದುಕೊಳ್ಳುತ್ತಾನೆ, ಆಮೇಲೆ ಉತ್ತರ.

“ಪಾಚಿ ಅನ್ನೋದು ರೋಗ ಅಲ್ಲಮ್ಮ. ಬಿಸಿಲು ಜಾಸ್ತಿ, ಊಟ ಜಾಸ್ತಿ, ಅದಕ್ಕೆ ಬರುತ್ತೆ. ಎಷ್ಟು ಸಲ ತಿನ್ನಿಸ್ತೀರ?”

ತಿನ್ನಿಸುವುದು ಅತ್ತೆ. ಹಾಕಿದ್ದು ಕಾಣುವುದಿಲ್ಲವಾದ್ದರಿಂದ ಹಾಕುತ್ತಲೇ ಇರುತ್ತಾರೆ. ಅದನ್ನು ಹೇಳಿದೆ.

“ದಿನಕ್ಕೆ ಒಂದು ಚಿಟಿಕೆ ಸಾಕು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯ್ಸಿ. ನಲ್ಲಿ ನೀರನ್ನ ಎರಡು ದಿನ ಬಕೆಟ್‌ನಲ್ಲಿಟ್ಟು ಆಮೇಲೆ ಹಾಕಿ. ಮುಂದಿನ ಗಾಜು ಮಾತ್ರ ಒರೆಸಿ, ಹಿಂದಿನದು ಹಸಿರಿದ್ರೆ ಇರ್ಲಿ, ಅದೇ ಒಂದು ಪರದೆ. ಇನ್ನೊಂದು ಮಾತು. ಫಿಲ್ಟರ್ ಒಳಗಿನ ಸ್ಪಂಜನ್ನ ನಲ್ಲಿ ಕೆಳಗೆ ತೊಳೀಬೇಡಿ. ತೊಟ್ಟಿಯಿಂದ ತೆಗೆದ ನೀರಲ್ಲೇ ಒಂದ್ಸಲ ಹಿಂಡಿ ವಾಪಸ್ ಹಾಕಿ.”

ಕೊಳೆಯನ್ನು ಕೊಳೆನೀರಿನಲ್ಲಿ ತೊಳೆಯುವುದು! ನಾನು ಏನು ಕೆಲಸ ಮಾಡುವವಳು ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಅವನ ಅಂಗಡಿಯ ತೊಟ್ಟಿಗಳೇ ಒಂದೊಂದು ಕೆಸರಿನ ಹೊಂಡದ ಹಾಗಿದ್ದವು. ಮೀನುಗಳೇನೋ ಚೆನ್ನಾಗಿಯೇ ಇದ್ದವು.

ಮಾರ್ಚ್ 11, ಸೋಮವಾರ

ಮೀನಿನ ಊಟದ ಡಬ್ಬಿ ನನ್ನ ಬಳಿ ಇಟ್ಟುಕೊಂಡೆ. “ಲೈನುಗಳಿಗೆ ಉಪವಾಸ ಹಾಕಿದ್ಯಾ, ಆಸ್ಪತ್ರೇಲಿ ನಿನ್ನ ಮಾತು ನಡೀತಿಲ್ಲ ಅಂತ?” ಎಂದರು ಅತ್ತೆ. ನಾನು ಆಸ್ಪತ್ರೆಯ ಸುದ್ದಿ ಏನೂ ಹೇಳಿರಲಿಲ್ಲ. ಸುಮ್ಮನೆ ಚುಚ್ಚಿದ್ದಿರಬೇಕು.

ಪಾಚಿ ಹಾಗೇ ಇದೆ.

ಮಾರ್ಚ್ 13, ಬುಧವಾರ

ಹಬೆ ಬಂದಿದ್ದ. ನಮ್ಮ ರೂಮಿನಲ್ಲಿ ಹಬೆ ಯಂತ್ರ ನಡೆಸುವವನು. ಹನ್ನೊಂದು ವರ್ಷದಿಂದ ನನ್ನ ಕೈಕೆಳಗಿದ್ದಾನೆ. ಎಲ್ಲರೂ ಅವನನ್ನು ಕರೆಯುವುದೇ ಹಾಗೆ. ಅವನಿಗೂ ರಜೆ ಕೊಟ್ಟಿದ್ದಾರೆ.

ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

“ಶುಕ್ರವಾರ ವಿಚಾರಣೆ ಸಿಸ್ಟರ್. ಆ ಕಾಲಿನ ಆಪರೇಷನ್ ದಿನ ಯಂತ್ರದ ಚಾರ್ಟ್ ಪೇಪರ್ ಮುಗಿದಿತ್ತಲ್ಲ? ನಾನು ಬಂದು ನಿಮ್ಮನ್ನ ಕೇಳ್ದೆ. ‘ಶುರು ಮಾಡು, ಪಟ್ಟಿ ನೋಡಿದ್ರಾಯ್ತು’ ಅಂದ್ರಿ. ಅಷ್ಟು ಹೇಳಿದ್ರೆ ಸಾಕು ನೀವು.”

ಯಂತ್ರ ತನ್ನ ಬಿಸಿಯನ್ನು ತಾನೇ ಒಂದು ಕಾಗದದ ಸುರುಳಿಯ ಮೇಲೆ ಗೀಚುತ್ತದೆ. ಅದು ಚಾರ್ಟ್. ಅದಿಲ್ಲದೆ ಯಂತ್ರ ಹಾಕಬಾರದು. ಅದಲ್ಲದೆ ನಾವು ಟ್ರೇ ಜೊತೆ ಯಂತ್ರದೊಳಗೆ ಒಂದು ಪರೀಕ್ಷೆಯ ಪೊಟ್ಟಣ ಇಡುತ್ತೇವೆ, ಪೊಟ್ಟಣದೊಳಗೆ ಒಂದು ಕಾಗದದ ಪಟ್ಟಿ. ಹಬೆ ಸಾಕಷ್ಟು ತಗುಲಿದ್ದರೆ ಪಟ್ಟಿ ಪೂರ್ತಿ ಕಪ್ಪಾಗುತ್ತದೆ. ಪೊಟ್ಟಣ ಬಿಚ್ಚಿ, ಕಪ್ಪಾದದ್ದನ್ನು ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆಯೇ ಟ್ರೇ ಹೊರಗೆ ಹೋಗಬೇಕು. ಆ ಸಹಿ ನನ್ನದು.

“ಎಷ್ಟು ದಿನದ ಮಾತು ಅದು” ಎಂದೆ.

“ಪಟ್ಟಿ ಹೇಗೂ ಕಪ್ಪಾಗಿತ್ತಲ್ಲ ಸಿಸ್ಟರ್?”

“ಆಗಿತ್ತು.”

“ಹಾಗಾದ್ರೆ ಇಬ್ಬರದೂ ತಪ್ಪಿಲ್ಲ ಬಿಡಿ” ಎಂದು ಆಗ ನೀರು ಕುಡಿದ. ಹೋಗುವ ಮುಂಚೆ ಅತ್ತೆಯ ಕೋಣೆಗೆ ಇಣುಕಿದ. ಅತ್ತೆ ಲೈನುಗಳ ಪರಿಚಯ ಮಾಡಿಸಿದರು. ಅವನು ಗಾಜಿನ ಹತ್ತಿರ ಬಗ್ಗಿ ಐದಕ್ಕೂ ಒಂದೊಂದು “ಹಲೋ” ಹೇಳಿದ. ಅತ್ತೆ ನಕ್ಕರು. ಅವರು ನಕ್ಕಿದ್ದು ಕೇಳಿ ತಿಂಗಳಾಗಿತ್ತು.

ಅವನು ಹೋದ ಮೇಲೆ ಕೇಳಿದರು: “ಒಳ್ಳೆ ಗಂಟಲು ಅವನದು. ನಿನ್ನ ಗಂಟಲು ಯಾಕೇ ಹಾಗೆ ಮೇಲಕ್ಕೆ ಹೋಯ್ತು?”

“ಯಾವಾಗ?”

“ಆಗಿತ್ತು ಅಂದೆಯಲ್ಲ, ಆಗ.”

ಅಡುಗೆಮನೆಯಲ್ಲಿ ಕೆಲಸವಿದೆ ಎಂದು ಎದ್ದು ಬಂದೆ. ಈ ದಿನಚರಿಯ ಹಿಂದಿನ ರಟ್ಟಿಗೆ ಒಂದು ಕಾಗದದ ಜೇಬಿದೆ. ಅದನ್ನು ತೆರೆದು ನೋಡುವ ಅಗತ್ಯ ನನಗೆ ಇವತ್ತೂ ಇಲ್ಲ, ನಾಳೆಯೂ ಇಲ್ಲ.

ಮಾರ್ಚ್ 14, ಗುರುವಾರ

ಇವತ್ತು ಗೆದ್ದೆ!

ಬೆಳಿಗ್ಗೆ ಐದಕ್ಕೇ ಎದ್ದು ಶುರು ಮಾಡಿದೆ. ಮೀನುಗಳನ್ನು ಬಕೆಟ್ಟಿಗೆ ಬಿಟ್ಟೆ. ತೊಟ್ಟಿಯ ನೀರನ್ನೆಲ್ಲ ಚೆಲ್ಲಿದೆ. ಕಲ್ಲುಗಳನ್ನು ಕುದಿಯುವ ನೀರಿನಲ್ಲಿ ಎರಡು ಸಲ ಕುದಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿದೆ. ಗಾಜನ್ನು ಒಳಗೂ ಹೊರಗೂ ಉಜ್ಜಿ ಉಜ್ಜಿ ಭುಜ ಬಿದ್ದುಹೋಯಿತು. ಆಮೇಲೆ ಫಿಲ್ಟರ್ ಬಿಚ್ಚಿದೆ. ಅಬ್ಬಬ್ಬಾ, ಆ ಸ್ಪಂಜು! ಕಂದು ಬಣ್ಣದ ಲೋಳೆ, ಕೈಗೆ ಅಂಟುತ್ತದೆ. ಈ ಗಲೀಜಿನ ಮೂಲಕ ಹಾದ ನೀರನ್ನು ಆ ಬಡಪಾಯಿಗಳು ಕುಡಿಯುತ್ತಿದ್ದವು.

ಮೂರು ಸಲ ಸೋಪಿಲ್ಲದೆ ತೊಳೆದೆ. ಆಮೇಲೆ ನಮ್ಮ ರೂಮಿನಲ್ಲಿ ಮಾಡುವ ಹಾಗೆಯೇ ಬಿಳಿ ಬಟ್ಟೆಯಲ್ಲಿ ನಾಲ್ಕು ಮಡಿಕೆ ಸುತ್ತಿ, ಹಳೆಯ ಕುಕ್ಕರಿನಲ್ಲಿ ಜಾಲರಿಯ ಮೇಲಿಟ್ಟು ಮೂರು ವಿಷಲ್ ಕೂಗಿಸಿದೆ. ತಣ್ಣಗಾದ ಮೇಲೆ ಕೈ ಒರೆಸಿಕೊಂಡು ಬಿಚ್ಚಿದರೆ ಅಂಗಡಿಯಿಂದ ಈಗ ತಂದ ಹಾಗಿತ್ತು. ಒಂದು ಹುಳುವೂ ಉಳಿದಿರಲಾರದು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವಳು. ಕೈ ಇನ್ನೂ ಮರೆತಿಲ್ಲ.

ಸೋಮವಾರದಿಂದ ಬಕೆಟ್ಟುಗಳಲ್ಲಿ ಹಿಡಿದಿಟ್ಟ ನೀರು ತುಂಬಿದೆ. ಏಳೂಮುಕ್ಕಾಲಿಗೆ ಕೆಲಸ ಮುಗಿಯಿತು, ಬಿಸಿಲು ಆಗಲೇ ಬಿದ್ದಿತ್ತು. ತೊಟ್ಟಿ ಹೊಳೆಯಿತು ನೋಡಿ, ಕಣ್ಣು ಕುಕ್ಕುವ ಹಾಗೆ.

“ಐದೂ ಲೈನು ಕ್ಲಿಯರ್ ಕಣೇ!” ಎಂದು ಅತ್ತೆ ಕೂಗಿದರು. ಆಮೇಲೆ, ನನ್ನ ಕಡೆಯೇ ತಿರುಗಿ, “ಬಿಸಿನೀರು, ನೀನು ಕೆಲಸಗಾತಿ ಬಿಡು” ಎಂದರು. ಮೂವತ್ತು ವರ್ಷಕ್ಕೆ ಇದು ಮೊದಲನೆಯದು.

ಮಾರ್ಚ್ 15, ಶುಕ್ರವಾರ

ಮೂವರು ಕೂತಿದ್ದರು. ನಡುವೆ ಸೂಪರಿಂಟೆಂಡೆಂಟ್. ಇಪ್ಪತ್ತು ನಿಮಿಷ ಅಷ್ಟೇ.

ಪಟ್ಟಿ ನೋಡಿ ಸಹಿ ಹಾಕಿದಿರಾ? ನೋಡಿ ಹಾಕಿದೆ.

ಚಾರ್ಟ್ ಪೇಪರ್ ಇಲ್ಲದೆ ಯಂತ್ರ ಹಾಕಲು ನೀವು ಹೇಳಿದಿರಾ? ನೆನಪಿಲ್ಲ.

ಹೊರಗೆ ಬೆಂಚಿನ ಮೇಲೆ ಹಬೆ ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನನ್ನು ನೋಡಿ ಎದ್ದು ನಿಂತ. ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟೆ.

ಮಾರ್ಚ್ 17, ಭಾನುವಾರ

ನೀರು ಬೆಳ್ಳಗಾಗಿದೆ. ಅಕ್ಕಿ ತೊಳೆದ ನೀರಿನ ಹಾಗೆ. ಪಾಚಿಯಲ್ಲ, ಪಾಚಿಯ ಸುಳಿವೇ ಇಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿವೆ.

ಮಾರ್ಚ್ 18, ಸೋಮವಾರ

ಎರಡು ಸತ್ತಿವೆ. ಅತ್ತೆ ಏಳುವುದಕ್ಕೆ ಮುಂಚೆ ಎತ್ತಿ ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಬಂದೆ.

“ಇವತ್ತು ಯಾವ ಲೈನೂ ಕಾಣ್ತಿಲ್ವಲ್ಲೇ?”

“ನೀರು ಕದಡಿದೆ ಅತ್ತೆ. ಐದೂ ಇದಾವೆ.”

ಅವರು ಕುರ್ಚಿ ಎಳೆದುಕೊಂಡು ದಿನದ ಹಾಗೆಯೇ ಮಾತಾಡಲು ಕೂತರು.

ಮಾರ್ಚ್ 19, ಮಂಗಳವಾರ

ಅಂಗಡಿಯವನ ಹತ್ತಿರ ಓಡಿದೆ. ನೀರು ಬೆಳ್ಳಗಾಗಿದೆ, ಉಸಿರಿಗೆ ಒದ್ದಾಡುತ್ತಿವೆ ಎಂದೆ. ಅವನು ಕೈ ಒರೆಸಿಕೊಂಡ, ಗಲ್ಲ ಕೆರೆದುಕೊಂಡ.

“ಸ್ಪಂಜು ತೊಳೆದ್ರಾ?”

“ಇಲ್ಲ.”

ಯಾಕೆ ಹಾಗೆಂದೆ ಎಂದು ನನಗೇ ಗೊತ್ತಿಲ್ಲ. ಬಾಯಿಗೆ ಬಂದದ್ದು ಅದು. ಗಂಟಲು ಮೇಲಕ್ಕೆ ಹೋಯಿತೋ ಏನೋ, ಅಂಗಡಿಯವನು ಎಕ್ಸ್‌ಚೇಂಜಿನಲ್ಲಿದ್ದವನಲ್ಲ.

“ತೊಳೆದಿಲ್ಲ ಅಂದ್ರೆ ರೋಗಾನೇ ಇರ್ಬೇಕು” ಎಂದು ನೀಲಿ ಔಷಧಿಯ ಸೀಸೆ ಕೊಟ್ಟ. ಹತ್ತು ಹನಿ ಹಾಕಿದ್ದೇನೆ.

ಮಾರ್ಚ್ 20, ಬುಧವಾರ

ಇನ್ನೊಂದು ಹೋಯಿತು. ನೀಲಿ ನೀರಿನಲ್ಲಿ ಮಲಗಿತ್ತು.

ಅತ್ತೆ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವುದು ಕೇಳುತ್ತಿತ್ತು. “ನಾಲ್ಕನೇ ಲೈನು, ಯಾಕಪ್ಪಾ ಇಷ್ಟು ಮೌನ?” ಎನ್ನುತ್ತಿದ್ದರು. ನಾನು ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ 21, ಗುರುವಾರ

ಬೆಳಿಗ್ಗೆ ನಾಲ್ಕನೆಯ ಮೀನೂ ಸತ್ತಿತ್ತು. ಒಂದು ಉಳಿದಿದೆ.

ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತಿದ್ದೆ. ಅವನು ಕೈ ಒರೆಸಿಕೊಳ್ಳುವುದಕ್ಕೂ ಬಿಡಲಿಲ್ಲ.

“ಸ್ಪಂಜು ತೊಳೆದಿದ್ದೆ. ಕುಕ್ಕರ್‌ನಲ್ಲೂ ಇಟ್ಟಿದ್ದೆ.”

ಅವನು ನನ್ನ ಮುಖವನ್ನೇ ನೋಡಿದ.

“ಎಷ್ಟು ವಿಷಲ್?”

“ಮೂರು.”

ನಕ್ಕಿದ್ದರೆ ವಾಸಿಯಿತ್ತು. ಅವನು ಸ್ಟೂಲ್ ಎಳೆದು ಕೂತು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಮೀನಿನ ಕೊಳೆಯೇ ನೀರಿನಲ್ಲಿ ವಿಷವಾಗುತ್ತದಂತೆ. ಆ ವಿಷವನ್ನು ತಿಂದು ಬದುಕುವ ಕಣ್ಣಿಗೆ ಕಾಣದ ಜೀವಗಳು ಸ್ಪಂಜಿನ ಆ ಲೋಳೆಯಲ್ಲೇ ಇರುತ್ತವಂತೆ. ನಾನು ಅವನ್ನೆಲ್ಲ ಬೇಯಿಸಿ ಕೊಂದೆ. ಮೀನುಗಳು ತಮ್ಮ ಕೊಳೆಯಲ್ಲೇ ಉಸಿರು ಕಟ್ಟಿ ಸತ್ತವು.

“ಮಂಗಳವಾರಾನೇ ಹೇಳಿದ್ರೆ ಮೂರು ಉಳೀತಿದ್ವಮ್ಮ” ಎಂದ. ಬೈದು ಹೇಳಲಿಲ್ಲ. ತನ್ನ ಒಂದು ಹಳೆಯ ತೊಟ್ಟಿಯೊಳಗೆ ಕೈ ಹಾಕಿ, ಕಂದು ಲೋಳೆ ಹಿಡಿದ ಸ್ಪಂಜನ್ನು ಕಿತ್ತು, ಅರ್ಧ ಕತ್ತರಿಸಿ, ಅದೇ ನೀರು ತುಂಬಿದ ಕವರಿನಲ್ಲಿ ಹಾಕಿಕೊಟ್ಟ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುಚ್ಚಿಕೊಂಡು ಎದ್ದುಹೋದಳು.

ಸ್ಪಂಜು ಹಾಕಿ, ಅರ್ಧ ನೀರು ಬದಲಾಯಿಸಿ, ಅತ್ತೆಯ ಮುಂದೆ ನಿಂತೆ. ಎಲ್ಲ ಹೇಳಿದೆ. ಕುಕ್ಕರಿನದ್ದು, ಸೋಮವಾರದ್ದು, ನಿನ್ನೆಯದ್ದು, ಇವತ್ತಿನದ್ದು.

ಅವರು ಕೈ ಚಾಚಿ ತೊಟ್ಟಿಯ ಗಾಜಿನ ಮೇಲೆ ಅಂಗೈ ಇಟ್ಟರು.

“ಕೊಂದಿದ್ದಕ್ಕೆ ನಾನೇನೂ ಅನ್ನಲ್ಲ. ಗೊತ್ತಿಲ್ದೆ ಆಯ್ತು. ಆದ್ರೆ ಈ ಕುರುಡಿ ನಾಲ್ಕು ದಿನ ಸತ್ತ ಮೀನಿಗೆ ಮಾತಾಡ್ಕೊಂಡು ಕೂತಿದ್ಲಲ್ಲ, ನೀನು ಅಲ್ಲೇ ಬಾಗ್ಲಲ್ಲಿ ನಿಂತು ಕೇಳ್ತಿದ್ದೆಯಲ್ಲ. ನಿನ್ನ ಉಸಿರು ಕೇಳ್ತಿತ್ತು ನಂಗೆ. ಅದು ಗೊತ್ತಿದ್ದೇ ಮಾಡಿದ್ದು ತಾನೆ?”

ನಾಚಿಕೆಯಾಗುತ್ತಿದೆ. ಅವರ ಮೇಲೆ ಸಿಟ್ಟೂ ಬರುತ್ತಿದೆ.

ಮಾರ್ಚ್ 25, ಸೋಮವಾರ

ಅತ್ತೆ ಮಾತು ಬಿಟ್ಟಿದ್ದಾರೆ. ಮೀನು ಬದುಕಿದೆ. ಅದು ಒಂದನೇ ಲೈನೋ ಐದನೆಯದೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಅವರಿಗೆ, ಅವರು ಹೇಳುವುದಿಲ್ಲ.

ಏಪ್ರಿಲ್ 2, ಮಂಗಳವಾರ

ಅಂಚೆಯವನು ಆಸ್ಪತ್ರೆಯ ಲಕೋಟೆ ತಂದ. ಸೈಕಲ್ಲಿನಿಂದ ಇಳಿದು, ಕಾಲಿನಿಂದ ಸ್ಟ್ಯಾಂಡು ಒದ್ದು, ಮೂರೂ ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಹತ್ತಿ ಬಂದ. ನಾನು ಸಹಿ ಹಾಕುವುದನ್ನು ಮರೆತು ಅವನ ಕಾಲುಗಳನ್ನೇ ನೋಡುತ್ತಿದ್ದೆನಂತೆ. “ಅಮ್ಮಾ, ಇಲ್ಲಿ ಸಹಿ” ಎಂದು ಎರಡು ಸಲ ಹೇಳಬೇಕಾಯಿತು ಅವನಿಗೆ.

“ಓದು” ಎಂದರು ಅತ್ತೆ. ಹನ್ನೆರಡು ದಿನಗಳ ಮೇಲೆ ಆಡಿದ ಮೊದಲ ಮಾತು.

ಓದಿದೆ. ರಿಜಿಸ್ಟರಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಅವರ ಸಹಿ ಕ್ರಮಬದ್ಧವಾಗಿದೆ. ಅವರ ಕಡೆಯಿಂದ ಲೋಪ ಕಂಡುಬಂದಿಲ್ಲ. ಎಂಟನೇ ತಾರೀಖು ಕೆಲಸಕ್ಕೆ ಹಾಜರಾಗತಕ್ಕದ್ದು. ಓದಿ ಮಡಿಸಿದೆ.

“ಇನ್ನೊಂದು ಹಾಳೆ?”

“ಯಾವ ಹಾಳೆ?”

“ಲಕೋಟೆಯಿಂದ ಎರಡು ಹಾಳೆ ಬಂದ ಸದ್ದಾಯ್ತು. ಓದಿದ್ದು ಒಂದು.”

ಎರಡನೇ ಹಾಳೆಯಲ್ಲಿ ಮೂರೇ ಸಾಲು. ಚಾರ್ಟ್ ಪೇಪರ್ ಇಲ್ಲದೆ ಸ್ವಂತ ಇಚ್ಛೆಯಿಂದ ಯಂತ್ರ ನಡೆಸಿದ ಕಾರಣ ಯಂತ್ರದ ಆಪರೇಟರನ್ನು ಕೆಲಸದಿಂದ ತೆಗೆದುಹಾಕಲಾಗಿದೆ. ಅದನ್ನೂ ಓದಿದೆ.

“ಐದು ಲೈನಿಗೂ ಹಲೋ ಅಂದಿದ್ನಲ್ಲ, ಅವನಾ?”

“ಅವನೇ.”

“ಓಹೋ” ಎಂದರು ಅತ್ತೆ.

ಏಪ್ರಿಲ್ 4, ಗುರುವಾರ

ಪಾಚಿ ಮತ್ತೆ ಬಂದಿದೆ. ಬರಲಿ. ಅಂಗಡಿಯವನ ಸ್ಪಂಜು ಹಾಕಿದ ಮೇಲೆ ನೀರು ತಿಳಿಯಾಗಿ, ಅದರ ಹಿಂದೆಯೇ ಹಸಿರೂ ಏರಿತು. ಮುಂದಿನ ಗಾಜನ್ನು ಮಾತ್ರ ಒರೆಸುತ್ತೇನೆ. ಕಿಟಕಿಯ ಕಡೆಯ ಗಾಜಿನಲ್ಲಿ ಅಂಗೈಯಗಲ ಜಾಗವನ್ನಷ್ಟೇ ಕೆರೆದಿದ್ದೇನೆ, ಉಳಿದದ್ದು ಹಸಿರಾಗಿಯೇ ಇದೆ. ಆ ಕಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಒಳಗೆ ಬರುತ್ತದೆ. ಮೀನು ಅದನ್ನು ದಾಟುವಾಗ ಒಂದು ಕ್ಷಣ ಬೆಂಕಿಯ ಹಾಗೆ ಹೊಳೆಯುತ್ತದೆ. ಇವತ್ತು ಅದು ಹೊಳೆದಾಗ ಅತ್ತೆಯ ಕತ್ತು ಅತ್ತ ತಿರುಗಿತು. “ಎರಡನೇ ಲೈನು” ಎಂದರು, ನನಗಲ್ಲ, ತಮ್ಮಷ್ಟಕ್ಕೆ.

ಹಿಂದಿನ ರಟ್ಟಿನ ಜೇಬು ತೆರೆದೆ. ಪಟ್ಟಿ ಅಲ್ಲೇ ಇದೆ.

ಅದು ಹೇಗೆ ಅಲ್ಲಿಗೆ ಬಂತು ಎಂದು ಬರೆಯುತ್ತೇನೆ, ಇಲ್ಲದಿದ್ದರೆ ಈ ಪುಸ್ತಕ ಇಟ್ಟುಕೊಂಡು ಏನು ಪ್ರಯೋಜನ. ಆ ದಿನ ಅಂಚೆಯ ಹೆಂಗಸು ಆಗ ತಾನೇ ಟೇಬಲ್ಲಿನ ಮೇಲೆ ಮಲಗಿದ್ದಳು. ಮೂಳೆ ಡಾಕ್ಟರು ಥಿಯೇಟರಿನಿಂದ ಫೋನ್ ಮಾಡಿ ಟ್ರೇ ಎಲ್ಲಿ ಎಂದು ಕೂಗಾಡುತ್ತಿದ್ದರು. ಚಾರ್ಟ್ ಪೇಪರ್ ಮುಗಿದಿದೆ ಎಂದು ಹಬೆ ಬಂದು ಕೇಳಿದ್ದು ನಿಜ. ಶುರು ಮಾಡು, ಪಟ್ಟಿ ನೋಡಿದರಾಯಿತು ಎಂದು ನಾನು ಹೇಳಿದ್ದೂ ನಿಜ. ಟ್ರೇ ಹೊರಗೆ ಬಂದಾಗ ಪೊಟ್ಟಣ ಸುಡುತ್ತಿತ್ತು. ಆಮೇಲೆ ಬಿಚ್ಚೋಣ ಎಂದು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಸಹಿ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಪಟ್ಟಿ ಕಪ್ಪಾಗದೆ ಇದ್ದದ್ದಿಲ್ಲ. ಇವತ್ತು ಯಾಕೆ ಆಗುವುದಿಲ್ಲ ಎಂದುಕೊಂಡೆ.

ಸಂಜೆ ಮನೆಯಲ್ಲಿ ಏಪ್ರನ್ ಒಗೆಯಲು ಹಾಕುವಾಗ ಪೊಟ್ಟಣ ಸಿಕ್ಕಿತು. ಬಿಚ್ಚಿದೆ. ಪಟ್ಟಿಯ ಮುಕ್ಕಾಲು ಭಾಗ ಕಪ್ಪು, ಒಂದು ತುದಿ ಬೂದು. ಆಗಲೇ ಫೋನ್ ಮಾಡಬಹುದಿತ್ತು. ಆ ಹೆಂಗಸಿಗೆ ಅದೇ ರಾತ್ರಿ ಬೇರೆ ಔಷಧಿ ಶುರು ಮಾಡುತ್ತಿದ್ದರು. ಸೋಂಕು ಅದರಿಂದಲೇ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಫೋನ್ ಮಾಡಲಿಲ್ಲ, ಅಷ್ಟೇ. ಬಿಸಾಡಲೂ ಕೈ ಬರಲಿಲ್ಲ. ತಪ್ಪಿದ ಪಟ್ಟಿಯನ್ನು ಬಿಸಾಡಬಾರದು, ಕಾಗದಕ್ಕೆ ಅಂಟಿಸಿಡಬೇಕು ಎಂದು ಹನ್ನೊಂದು ವರ್ಷದ ಹಿಂದೆ ಹಬೆಗೆ ಕಲಿಸಿದವಳೇ ನಾನು.

ಇವತ್ತು ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು, ಅದರಲ್ಲೇ ಸ್ಪಂಜು ಹಿಂಡಿ ವಾಪಸು ಹಾಕಿದೆ.

ಏಪ್ರಿಲ್ 8, ಸೋಮವಾರ

ಬೆಳಿಗ್ಗೆ ಆರೂವರೆಗೆ ಹೊರಟೆ. ರೂಮಿಗೆ ಹೋಗಲಿಲ್ಲ, ನೇರವಾಗಿ ಸೂಪರಿಂಟೆಂಡೆಂಟ್ ಕೋಣೆಗೆ ಹೋದೆ. ಕಾಗದ ಕೊಟ್ಟೆ. ಒಂದೂವರೆ ಪುಟ, ಜೊತೆಗೆ ಪಟ್ಟಿ.

ಓದುತ್ತಾ ಓದುತ್ತಾ ಅವರ ಮುಖ ಇಳಿಯಿತು. ಓದಿ ಮುಗಿಸಿ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

“ಫೈಲ್ ಮುಗಿದಿದೆ ಸಿಸ್ಟರ್. ಯಾಕೆ ಈಗ? ನಿಮಗೇನೂ ಆಗಿಲ್ಲವಲ್ಲ.”

“ಅವನಿಗೆ ಆಗಿದೆ ಸಾರ್.”

“ಅವನಿಗೆ ಬೇರೆ ಎಲ್ಲಾದ್ರೂ ಸಿಗುತ್ತೆ ಬಿಡಿ. ಇದು ಹೊರಗೆ ಹೋದ್ರೆ ಆಸ್ಪತ್ರೆ ಹೆಸರು ಏನಾಗುತ್ತೆ ಗೊತ್ತಾ? ಹೋಗಿ, ಡ್ಯೂಟಿ ಶುರು ಮಾಡಿ. ನೀವು ಇದನ್ನ ಕೊಟ್ಟಿಲ್ಲ, ನಾನು ನೋಡಿಲ್ಲ.”

ಎತ್ತಿಕೊಂಡು ಹೊರಗೆ ಬಂದೆ. ನಿಜ ಹೇಳುತ್ತೇನೆ, ಮೆಟ್ಟಿಲಲ್ಲಿ ಮನಸ್ಸು ಹಗುರವಾಯಿತು. ಹೇಳುವುದನ್ನು ಹೇಳಿದ್ದಾಯಿತಲ್ಲ, ಬೇಡವೆಂದವರು ಅವರು. ನಮ್ಮ ರೂಮಿನ ಬಾಗಿಲವರೆಗೂ ನಡೆದೆ. ಒಳಗೆ ಯಾರೋ ಹೊಸಬ ಯಂತ್ರದ ಮುಂದೆ ನಿಂತಿದ್ದ. ಚಾರ್ಟ್ ಪೇಪರಿನ ಹೊಸ ಸುರುಳಿ ಕೂರಿಸಲು ಬರದೆ ಹೆಣಗುತ್ತಿದ್ದ. ಹಬೆ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಕೂರಿಸುತ್ತಿದ್ದ.

ಹಿಂದಿರುಗಿ ಕೆಳಗಿನ ಟಪಾಲು ಕೌಂಟರಿಗೆ ಹೋದೆ. ಅಲ್ಲಿ ಕೊಟ್ಟ ಕಾಗದಕ್ಕೆ ಮುದ್ರೆ ಬೀಳುತ್ತದೆ, ನಂಬರು ಬೀಳುತ್ತದೆ. ನಂಬರು ಬಿದ್ದ ಕಾಗದವನ್ನು ನೋಡಿಲ್ಲ ಎನ್ನಲು ಯಾರಿಗೂ ಆಗುವುದಿಲ್ಲ. ಗುಮಾಸ್ತೆ ಓದಲೂ ಇಲ್ಲ.

“ಇದೇನು ಪಟ್ಟಿ?”

“ಲಗತ್ತು.”

‘ಲಗತ್ತು ಒಂದು’ ಎಂದು ಬರೆದುಕೊಂಡು ಮುದ್ರೆ ಒತ್ತಿದಳು. ಪ್ರತಿಯ ಮೇಲೂ ಒತ್ತಿ ಕೊಟ್ಟಳು. ಡ್ಯೂಟಿಗೆ ಹೋಗಲಿಲ್ಲ. ಮನೆಗೆ ಬಂದುಬಿಟ್ಟೆ.

“ಏನಾಯ್ತು?” ಎಂದರು ಅತ್ತೆ.

“ಮುದ್ರೆ ಬಿತ್ತು.”

“ಹಾಗಾದ್ರೆ ಈಗ ನಿಜವಾದ ರಜೆ ಅನ್ನು.”

“ಹೌದು.”

ತೊಟ್ಟಿಯ ಕಾಲುಭಾಗ ನೀರು ಬದಲಾಯಿಸಿದೆ. ಸ್ಪಂಜು ಹಿಂಡಿದೆ. ಆಮೇಲೆ ಅಲ್ಲೇ ಅತ್ತೆಯ ಪಕ್ಕದಲ್ಲಿ ಕೂತು ಹಬೆಗೆ ಫೋನ್ ಮಾಡಿದೆ. ಈಗ ಬರೆಯುವಾಗಲೂ ಪೆನ್ನಿಗೆ ಸ್ಪಂಜಿನ ವಾಸನೆ ಹತ್ತಿದೆ, ಕೈ ತೊಳೆಯುವುದು ಮರೆತಿದ್ದೆ ಅಂತ ಕಾಣುತ್ತದೆ.

ಅವನು ಪೂರ್ತಿ ಕೇಳಿಸಿಕೊಂಡ.

“ನಾನು ನಿಮ್ಮ ಮನೆಗೆ ಬಂದಾಗ ಪಟ್ಟಿ ವಿಷಯ ನಿಮಗೆ ಗೊತ್ತಿತ್ತಾ ಸಿಸ್ಟರ್?”

“ಗೊತ್ತಿತ್ತು.”

ಅತ್ತ ಕಡೆ ಏನೋ ಪಾತ್ರೆ ಸದ್ದು, ಯಾವುದೋ ಮಗು ಅತ್ತದ್ದು ಕೇಳಿಸಿತು.

“ಮೀನು ಹೇಗಿದಾವೆ?” ಎಂದ.

“ಒಂದಿದೆ.”

ಇನ್ನೇನಾದರೂ ಕೇಳುತ್ತಾನೆ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದೆ. ಅತ್ತೆ ನನ್ನ ಕಡೆ ತಿರುಗಿದರು.

“ಲೈನ್ ಕಟ್ ಆಯ್ತಾ?”

“ಇಲ್ಲ ಅತ್ತೆ,” ಎಂದೆ, “ಅವನೇ ಇಟ್ಟ.”